ಕೊಟ್ಟಿಗೆಯ ಮೊದಲ ಪಾಠ

ಗಂಗಾಪುರ ಎಂದೊಡನೆ ನಮ್ಮವರ ಕೈ ತಾನಾಗಿ ಮುಗಿಯುತ್ತದೆ. ಭೀಮಾತೀರದ ದತ್ತಕ್ಷೇತ್ರ ಗಾಣಗಾಪುರ ಕಣ್ಣ ಮುಂದೆ ಬರುತ್ತದೆ. ಈ ಸಲ ನಾವು ಹೇಳಹೊರಟಿರುವುದು ಆ ಊರಿನ ಮಾತಲ್ಲ. ಗೋದಾವರಿಯನ್ನು ಈ ಸೀಮೆಯ ಜನ ಗಂಗೆಯೆಂದೇ ಕರೆಯುತ್ತಾರೆ. ಅದರ ಆಸುಪಾಸಿನಲ್ಲಿ ಗಂಗಾಪುರಗಳು ಒಂದಕ್ಕಿಂತ ಹೆಚ್ಚಾಗಿರುವುದು ಸೋಜಿಗವಲ್ಲ. ನಾಸಿಕದ ಮಗ್ಗುಲಲ್ಲಿ ಅಣೆಕಟ್ಟಿನ ಗಂಗಾಪುರ ಒಂದು. ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿ ತಾಲ್ಲೂಕಿನ ಊರಾದ ಗಂಗಾಪುರ ಇನ್ನೊಂದು. ನಾವು ಹೇಳುವ ಸಂಗತಿ ನಡೆದದ್ದು ಎರಡನೆಯದರ ಕಡೆ. ಈ ತಾಲ್ಲೂಕಿನ ಒಂದು ಅಂಚಿನಲ್ಲಿ ವಾಳೂಜದ ಕಾರಖಾನೆಗಳು ಹಗಲಿರುಳು ಸದ್ದು ಮಾಡುತ್ತವೆ. ಉಳಿದ ಕಡೆ ಹತ್ತಿ, ಮೆಕ್ಕೆಜೋಳ, ದನಕರು, ಮತ್ತು ಮಳೆಗಾಗಿ ಮುಗಿಲು ನೋಡುವ ಜನ.

ನಮ್ಮ ಸ್ನೇಹಿತರೊಬ್ಬರು ಆ ಕಾರಖಾನೆಗಳಲ್ಲೊಂದರಲ್ಲಿ ಕೆಲಸದಲ್ಲಿದ್ದಾರೆ. ಬೀದರ ಕಡೆಯವರು. ಹೋದ ವರ್ಷ ಬೇಸಗೆಯ ಒಂದು ಸಂಜೆ ಮಗಳನ್ನು ಕರೆದುಕೊಂಡು ಮನೆಗೆ ಬಂದರು. ಹುಡುಗಿ ಹನ್ನೊಂದನೆಯ ತರಗತಿಯ ಪರೀಕ್ಷೆ ಮುಗಿಸಿದ್ದಳು. ತಂದೆಯ ಮುಖ ಸಪ್ಪಗಿತ್ತು. "ಏನಂತ ಕಾಕಾರಿಗೆ ನೀನ ಹೇಳವಾ" ಎಂದರು.

"ನಾ ದನದ ಡಾಕ್ಟರ್ ಆಗಬೇಕಂತ ಮಾಡೀನ್ರಿ ಕಾಕಾ" ಎಂದಳು ಹುಡುಗಿ.

ನಾವು ನಕ್ಕೆವು. ನಕ್ಕದ್ದು ತಪ್ಪೆಂದು ಈಗ ಒಪ್ಪಿಕೊಳ್ಳುತ್ತೇವೆ. "ತಂಗೀ, ಅದು ಗಂಡಾಳಿನ ಕೆಲಸ. ರಟ್ಟೆಯಲ್ಲಿ ಬಲ ಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಹಳ್ಳಿ ಹಳ್ಳಿ ಅಲೆಯಬೇಕು. ನಿಮ್ಮ ಮನೆಯಲ್ಲಿ ಒಂದು ಬೆಕ್ಕು ಬಿಟ್ಟರೆ ಬೇರೆ ಪ್ರಾಣಿ ಕಂಡವಳಲ್ಲ ನೀನು" ಎಂದು ದೊಡ್ಡವರ ಧಾಟಿಯಲ್ಲಿ ಉಪದೇಶಿಸಿದೆವು. ಹುಡುಗಿ ಸಿಟ್ಟಾಗಲಿಲ್ಲ. "ಕಂಡಿಲ್ಲ ಅಂತನ ಬಂದೀನ್ರಿ. ಒಂದಿಷ್ಟು ದಿನ ದನದ ನಡುವ ಇದ್ದು ನೋಡ್ತೀನಿ. ಆಗಂಗಿಲ್ಲ ಅನಿಸಿದ್ರ ನಾನ ಬಿಡ್ತೀನಿ" ಎಂದಳು.

ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮಕ್ಕಳು ಯಾವ ವಿದ್ಯೆಗೆ ಹೋಗಬೇಕೆಂದು ನಾವೆಲ್ಲ ಅಂಕಪಟ್ಟಿ ನೋಡಿ, ನೆರೆಮನೆಯವರ ಮಕ್ಕಳನ್ನು ನೋಡಿ, ಸಂಬಳ ನೋಡಿ ತೀರ್ಮಾನಿಸುತ್ತೇವೆ. ಆ ಕೆಲಸವನ್ನೇ ಹೋಗಿ ನೋಡಿ ತೀರ್ಮಾನಿಸಬೇಕೆಂದು ಹೊಳೆದದ್ದು ಹದಿನೇಳರ ಹುಡುಗಿಗೆ.

ನಮ್ಮ ದೇಶದ ಪಶುವೈದ್ಯ ಕಾಲೇಜುಗಳ ಬಾಗಿಲಲ್ಲಿ ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಓದಿ ಹನ್ನೆರಡನೆಯ ತರಗತಿ ಪಾಸಾಗಿರಬೇಕು. ಮಹಾರಾಷ್ಟ್ರದಲ್ಲಿ ನೀಟ್ ಪರೀಕ್ಷೆಯ ಅಂಕದ ಮೇಲೆ ಸೀಟು. ದೇಶದ ಎಲ್ಲ ಕಾಲೇಜುಗಳಲ್ಲಿ ಇಡೀ ಭಾರತಕ್ಕೆಂದು ತೆಗೆದಿಟ್ಟ ನೂರಕ್ಕೆ ೧೫ರ ಪಾಲಿಗೂ ಭಾರತೀಯ ಪಶುವೈದ್ಯ ಪರಿಷತ್ತು ನೀಟ್ ಅಂಕವನ್ನೇ ನೋಡುತ್ತದೆ. ಹಸುವಿನ ಮೈ ಮುಟ್ಟಿದ್ದೀಯಾ, ಸಗಣಿ ಬಾಚಿದ್ದೀಯಾ ಎಂದು ಕೇಳುವವರಿಲ್ಲ. ಕರ್ನಾಟಕದಲ್ಲಿ ಮಾತ್ರ ರೈತ ಕುಟುಂಬದ ಮಕ್ಕಳಿಗೆ ಮೀಸಲಾದ ಸೀಟುಗಳಿಗೆ ಪ್ರಾಯೋಗಿಕ ಪರೀಕ್ಷೆಯೊಂದನ್ನು ನಡೆಸುವ ಪದ್ಧತಿಯಿದೆ. ಮನೆಯ ಹಿತ್ತಿಲಲ್ಲಿ ಕಣ್ಣು ತೆರೆದು ಬೆಳೆದ ಮಗುವಿಗೆ ಅದು ಅನುಕೂಲ.

ಹೊರದೇಶಗಳಲ್ಲಿ ಮಾತು ಬೇರೆ. ಅಮೆರಿಕದಲ್ಲಿ ಪಶುವೈದ್ಯ ಕಾಲೇಜುಗಳ ಅರ್ಜಿಯಲ್ಲೇ ಎರಡು ಬಗೆಯ ಅನುಭವವನ್ನು ತಾಸುಗಳ ಲೆಕ್ಕದಲ್ಲಿ ಬರೆಯಬೇಕು: ಪಶುವೈದ್ಯರ ಕೈಕೆಳಗೆ ಮಾಡಿದ್ದು ಒಂದು ಕಲಮು; ಅವರಿಲ್ಲದೆ ಹಟ್ಟಿಯಲ್ಲಿ, ಕುದುರೆಲಾಯದಲ್ಲಿ, ಅನಾಥ ಪ್ರಾಣಿಗಳ ಮನೆಯಲ್ಲಿ ಮಾಡಿದ್ದು ಇನ್ನೊಂದು ಕಲಮು. ಬ್ರಿಟನ್ನಿನ ಹಲವು ಕಾಲೇಜುಗಳು ಸೇರುವ ಮುನ್ನವೇ ಇಂಥ ಅನುಭವ ಬಯಸುತ್ತವೆ. ಸೇರಿದ ಮೇಲೂ ರಜೆಯ ದಿನಗಳಲ್ಲಿ ಮೊದಲು ೧೨ ವಾರ ಪಶುಪಾಲನೆಯಲ್ಲಿ, ಅನಂತರ ೨೬ ವಾರ ಚಿಕಿತ್ಸೆಯಲ್ಲಿ, ಹೀಗೆ ೩೮ ವಾರ ಕಾಲೇಜಿನ ಹೊರಗೆ ದುಡಿಯಬೇಕೆಂಬುದು ಅಲ್ಲಿ ಬಹುಕಾಲ ನಡೆದಿದ್ದ ಹಿಂದಿನ ನಿಯಮವಾಗಿತ್ತು. ಕುರಿ ಈಯುವ ಕಾಲದಲ್ಲಿ ಅಲ್ಲಿಯ ವಿದ್ಯಾರ್ಥಿಗಳು ರಾತ್ರಿಯೆಲ್ಲ ಕುರಿಹಟ್ಟಿಯಲ್ಲಿ ಕಳೆಯುತ್ತಾರೆ.

ನಮ್ಮಲ್ಲಿ ಕೇಳುವುದಿಲ್ಲವೆಂದ ಮೇಲೆ ಹೋಗುವುದೇಕೆ ಎಂದು ಓದುಗರು ಕೇಳಬಹುದು. ಕೇಳುವುದಿಲ್ಲವಾದ್ದರಿಂದಲೇ ಹೋಗಬೇಕು ಎಂಬುದು ನಮ್ಮ ಅಭಿಪ್ರಾಯ. ಪಶುವೈದ್ಯ ಪದವಿಗೆ ಒಂದು ವರ್ಷದ ಇಂಟರ್ನ್‌ಷಿಪ್ಪೂ ಸೇರಿ ಐದೂವರೆ ವರ್ಷ ಬೇಕು. ಕಾಲೇಜಿಗೆ ಸೇರಿ, ತಂದೆಯ ದುಡ್ಡು ಖರ್ಚಾಗಿ, ಎರಡನೆಯ ವರ್ಷದಲ್ಲಿ "ನನಗೆ ರಕ್ತ ಕಂಡರೆ ತಲೆ ಸುತ್ತುತ್ತದೆ, ಎಮ್ಮೆ ಕಂಡರೆ ಭಯ" ಎನ್ನುವ ಹುಡುಗ ಏನು ಮಾಡಬೇಕು? ಬಾಗಿಲಲ್ಲಿ ಪ್ರಶ್ನೆ ಕೇಳುವ ಊರಿನಲ್ಲಿ ಪ್ರಶ್ನೆಯೇ ಅವನನ್ನು ಉಳಿಸುತ್ತದೆ. ಕೇಳದ ಊರಿನಲ್ಲಿ ಅವನೇ ತನ್ನನ್ನು ಕೇಳಿಕೊಳ್ಳಬೇಕು.

ಅಂತೂ ಗಂಗಾಪುರದ ಸಮೀಪದ ಹಳ್ಳಿಯಲ್ಲಿ ನಮಗೆ ಪರಿಚಯದ ರೈತರೊಬ್ಬರಿಗೆ ಹೇಳಿ ಕಳಿಸಿದೆವು. ಅವರದು ಆರು ಹಸು, ಎರಡು ಎಮ್ಮೆ, ಒಂದು ಜೋಡಿ ಎತ್ತು, ಹತ್ತು ಹನ್ನೆರಡು ಉಸ್ಮಾನಾಬಾದಿ ಆಡುಗಳ ಸಂಸಾರ. ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ. ಊರೆಲ್ಲ ಅವರನ್ನು 'ಆಜಿ' ಎನ್ನುತ್ತದೆ. "ಹುಡುಗಿ ನನ್ನ ಮಗ್ಗುಲಲ್ಲಿ ಮಲಗಲಿ" ಎಂದು ಆಜಿ ಹೇಳಿಕಳಿಸಿದ್ದರಿಂದ ತಂದೆಯ ಮನಸ್ಸೂ ಹಗುರವಾಯಿತು. ಮೂರು ವಾರದ ಕರಾರು. ತಾಲ್ಲೂಕಿನ ಸರಕಾರಿ ಪಶುದವಾಖಾನೆಯ ಡಾಕ್ಟರನ್ನೂ ಕಂಡೆವು. ಅವರು ಒಂದೇ ಮಾತಿನಲ್ಲಿ ಒಪ್ಪಿ, ಒಂದೇ ಮಾತಿನಲ್ಲಿ ಷರತ್ತನ್ನೂ ಹೇಳಿದರು: "ನೋಡಬಹುದು, ಹಗ್ಗ ಹಿಡಿಯಬಹುದು, ಬರೆದುಕೊಳ್ಳಬಹುದು; ಸೂಜಿ ಮುಟ್ಟಕೂಡದು." ೧೯೮೪ರ ಭಾರತೀಯ ಪಶುವೈದ್ಯ ಪರಿಷತ್ ಕಾಯಿದೆಯ ಪ್ರಕಾರ ಚಿಕಿತ್ಸೆ ಮಾಡುವುದು ನೋಂದಾಯಿತ ಪಶುವೈದ್ಯರ ಹಕ್ಕು, ಉಳಿದವರು ಮಾಡಬಹುದಾದ ಸಣ್ಣ ಸೇವೆಗಳೂ ಅವರ ಮೇಲ್ವಿಚಾರಣೆಯಲ್ಲೇ ನಡೆಯಬೇಕು. ಕಲಿಯಲು ಹೋದ ಮಕ್ಕಳು ಮೊದಲ ದಿನವೇ ಇದನ್ನು ತಿಳಿದಿರುವುದು ಒಳ್ಳೆಯದು.

ಮೊದಲ ವಾರ ಹುಡುಗಿ ಡಾಕ್ಟರ ಮುಖವನ್ನೇ ನೋಡಲಿಲ್ಲ. ಆಜಿ ಅವಳ ಕೈಗೆ ಪೊರಕೆ ಕೊಟ್ಟರು. ಬೆಳಗಿನ ಐದಕ್ಕೆ ಎದ್ದು ಸಗಣಿ ಬಾಚುವುದು, ಗಂಜಲ ತೊಳೆಯುವುದು, ಕಣಿಕೆ ಕತ್ತರಿಸಿ ಗೋದಲಿಗೆ ಹಾಕುವುದು, ನೀರು ಕುಡಿಸುವುದು. ಎರಡನೆಯ ದಿನ ಅವಳಿಗೆ ವಾಂತಿಯಾಯಿತಂತೆ. ಮೂರನೆಯ ದಿನ ಎಮ್ಮೆ ಕಾಲು ತುಳಿಯಿತಂತೆ. ನಾಲ್ಕನೆಯ ದಿನ ತಂದೆ ಫೋನ್ ಮಾಡಿ "ಬರಲೇನವಾ?" ಎಂದು ಕೇಳಿದಾಗ "ಇವತ್ತ ಬ್ಯಾಡ್ರಿ ಅಪ್ಪಾ, ಆಜಿ ಹಲ್ಲು ನೋಡೂದು ಕಲಸ್ತಾರ" ಎಂದಳಂತೆ.

ಈ ಹಲ್ಲಿನ ವಿದ್ಯೆ ನಮ್ಮ ಸಂತೆಗಳ ಹಳೆಯ ವಿದ್ಯೆ. ದನದ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ, ಕೆಳಗೆ ಎಂಟು. ಎರಡರಿಂದ ಎರಡೂವರೆ ವರ್ಷಕ್ಕೆ ನಡುವಿನ ಹಾಲುಹಲ್ಲು ಎರಡು ಬಿದ್ದು ದೊಡ್ಡ ಹಲ್ಲು ಬರುತ್ತವೆ. ಆಮೇಲೆ ನಾಲ್ಕು, ಆರು, ಎಂಟು. ಪುಸ್ತಕದಲ್ಲಿ ಇದು ಒಂದು ಚಿತ್ರ. ಕೊಟ್ಟಿಗೆಯಲ್ಲಿ ಮೂಗುದಾರ ಹಿಡಿದು, ತುಟಿ ಸರಿಸಿ, ದನ ತಲೆ ಕೊಡವುವುದರೊಳಗೆ ಎಣಿಸಬೇಕು. ಪುಸ್ತಕ ಓದಿದವನು ಎಣಿಕೆ ಬಲ್ಲ. ತಲೆ ಕೊಡವುವ ಗಳಿಗೆಯನ್ನು ಆಜಿ ಬಲ್ಲರು. ಡಾಕ್ಟರಾಗುವವನಿಗೆ ಎರಡೂ ಬೇಕು.

ಎರಡನೆಯ ವಾರದಿಂದ ಅವಳು ಬೆಳಿಗ್ಗೆ ಕೊಟ್ಟಿಗೆ, ಹತ್ತು ಗಂಟೆಯಿಂದ ದವಾಖಾನೆ, ಸಂಜೆ ಮತ್ತೆ ಕೊಟ್ಟಿಗೆ ಎಂದು ದಿನಚರಿ ಹಾಕಿಕೊಂಡಳು. ಜೊತೆಯಲ್ಲಿ ಒಂದು ನೋಟುಪುಸ್ತಕ. ಅದನ್ನು ನಾವು ಆಮೇಲೆ ನೋಡಿದೆವು. ಹಸುವಿನ ಮೈಶಾಖ ಸುಮಾರು ೧೦೧.೫ ಡಿಗ್ರಿ ಫ್ಯಾರನ್‌ಹೀಟ್. ಮನುಷ್ಯರಿಗೆ ಜ್ವರವೆನಿಸುವುದು ಅದಕ್ಕೆ ಆರೋಗ್ಯ. ಎಡಪಕ್ಕೆಯ ಕುಳಿಯಲ್ಲಿ ಮುಷ್ಟಿಯಿಟ್ಟು ಎರಡು ನಿಮಿಷ ನಿಂತರೆ ಎರಡು ಮೂರು ಸಲ ಹೊಟ್ಟೆ ಹೊರಳುವುದು ಕೈಗೆ ತಿಳಿಯಬೇಕು. ತಿಳಿಯದಿದ್ದರೆ ಹೊಟ್ಟೆ ಕೆಟ್ಟಿದೆ. ಮೊದಲ ಧಾರೆಗಳನ್ನು ಕಪ್ಪು ಬಟ್ಟೆಯ ಮೇಲೆ ಕರೆದರೆ ಕೆಚ್ಚಲು ಬಾವಿನ ಹಾಲಿನ ಗಂಟು ಎದ್ದು ಕಾಣುತ್ತದೆ. ಹಸುವಿಗೆ ಬೆದೆ ೨೧ ದಿನಕ್ಕೊಮ್ಮೆ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕು. ಹಸುವಿನ ಗಬ್ಬ ಸುಮಾರು ೨೮೦ ದಿನ, ಎಮ್ಮೆಯದು ೩೧೦, ಆಡಿನದು ೧೫೦. ಒಂದೊಂದರ ಮುಂದೆಯೂ ಯಾವ ದಿನ ಯಾವ ದನದಲ್ಲಿ ತಾನು ನೋಡಿದೆನೆಂದು ಬರೆದಿತ್ತು. ನೋಡದ್ದನ್ನು ಅವಳು ಬರೆದಿರಲಿಲ್ಲ.

ಆ ವಾರದ ಕೊನೆಯಲ್ಲಿ ಒಂದು ರಾತ್ರಿ ಮಿಶ್ರತಳಿಯ ಹಸುವೊಂದಕ್ಕೆ ಈಯುವ ನೋವು ಬಂತು. ನೀರಿನ ಚೀಲ ಕಂಡದ್ದು ಎಂಟು ಗಂಟೆಗೆ. ಮನೆಯವರು ಕಾದರು. ಮೊದಲಿನ ಕರುಗಳೆಲ್ಲ ತಾವಾಗಿ ಬಂದಿದ್ದವು, ಇದೂ ಬಂದೀತೆಂದು ಕಾದರು. ಡಾಕ್ಟರಿಗೆ ಫೋನ್ ಹೋದದ್ದು ಹನ್ನೊಂದೂವರೆಗೆ. ಅವರು ಮೋಟಾರುಸೈಕಲ್ಲಿನಲ್ಲಿ ಬಂದಾಗ ಹನ್ನೆರಡು ದಾಟಿತ್ತು. ಮುಂಗಾಲು ಎರಡೂ ದಾರಿಗೆ ಬಂದಿದ್ದವು. ಅವುಗಳ ನಡುವೆ ಇರಬೇಕಾದ ಮೂತಿ ಇರಲಿಲ್ಲ. ಕರು ಕತ್ತನ್ನು ಹಿಂದಕ್ಕೆ ಹೊರಳಿಸಿಕೊಂಡಿತ್ತು. ಡಾಕ್ಟರು ಅಂಗಿ ಬಿಚ್ಚಿ, ತೋಳಿಗೆ ಸೋಪುನೀರು ಬಳಿದುಕೊಂಡು, ಕೊಟ್ಟಿಗೆಯ ನೆಲದ ಮೇಲೆ ಮಲಗಿಯೇ ಕೆಲಸ ಮಾಡಿದರು. ಕರುವನ್ನು ಒಳಕ್ಕೆ ತಳ್ಳಿ ಜಾಗ ಮಾಡಿಕೊಂಡು, ತಲೆಯನ್ನು ಹಿಡಿದು ದಾರಿಗೆ ತರಬೇಕು. ಹಸು ಹೊರಕ್ಕೆ ನೂಕುತ್ತಿರುತ್ತದೆ. ಹುಡುಗಿ ಬ್ಯಾಟರಿ ಹಿಡಿದು ನಿಂತಿದ್ದಳು. ಒಂದು ತಾಸಿನ ಮೇಲೆ ಕರು ಹೊರಗೆ ಬಂತು. ಹೆಣ್ಣುಗರು, ಜೀವವಿರಲಿಲ್ಲ. ಡಾಕ್ಟರು ಅದರ ಮೂಗು ಬಾಯಿ ಒರಸಿ, ಎದೆ ತಿಕ್ಕಿ, ಆಮೇಲೆ ಸುಮ್ಮನಾದರು. ಹಸು ಉಳಿಯಿತು.

ಮರುದಿನ ತಂದೆಯ ಜೊತೆಯಲ್ಲಿ ನಾವೂ ಹೋದೆವು. ಇನ್ನು ಹುಡುಗಿ ಗಂಟು ಕಟ್ಟಿಕೊಂಡು ಹೊರಟುಬರುತ್ತಾಳೆ ಎಂದೇ ನಮ್ಮ ಎಣಿಕೆ. ಅವಳು ಕೊಟ್ಟಿಗೆಯಲ್ಲಿ ಆ ಹಸುವಿನ ಬಳಿ ಕೂತಿದ್ದಳು. ಹಸು ಮತ್ತೆ ಮತ್ತೆ ಬಾಗಿಲ ಕಡೆ ಕತ್ತು ತಿರುಗಿಸಿ ಸಣ್ಣಗೆ ಕೂಗುತ್ತಿತ್ತು. ಹುಡುಗಿಯ ಕಣ್ಣು ಅತ್ತು ಊದಿದ್ದವು. ನಾವು ಸಮಾಧಾನದ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಅವಳೇ ಕೇಳಿದಳು: "ಕಾಕಾ, ಒಂಬತ್ತಕ್ಕ ಫೋನ್ ಮಾಡಿದ್ರ ಕರು ಉಳೀತಿತ್ತೇನ್ರಿ?"

ನಮಗೆ ಗೊತ್ತಿರಲಿಲ್ಲ. ಡಾಕ್ಟರನ್ನು ಕೇಳಿದೆವು. "ಉಳಿಯುತ್ತಿತ್ತೆಂದು ಆಣೆ ಮಾಡಲಾರೆ. ನೀರಿನ ಚೀಲ ಒಡೆದು ಒಂದೆರಡು ತಾಸಾದರೂ ಕರು ಮುಂದೆ ಸರಿಯದಿದ್ದರೆ ಕಾಯಬಾರದು, ಅಷ್ಟು ಹೇಳಬಲ್ಲೆ" ಎಂದರು. ಹುಡುಗಿ ಅದನ್ನು ನೋಟುಪುಸ್ತಕದಲ್ಲಿ ಬರೆದುಕೊಂಡಳು. ಆಜಿ ಪಕ್ಕದಲ್ಲೇ ನಿಂತು ಕೇಳಿದರು, ಏನೂ ಅನ್ನಲಿಲ್ಲ. ಅಳು ಯಾರಿಗಾದರೂ ಬರುತ್ತದೆ. ಅತ್ತಾದ ಮೇಲೆ ಆ ಪ್ರಶ್ನೆ ಬಂದದ್ದನ್ನು ಕಂಡು, ನಾವು ನಕ್ಕ ಸಂಜೆಯನ್ನು ನೆನೆದು ನಾಚಿಕೆಯಾಯಿತು. ಗಂಡಾಳಿನ ಕೆಲಸವೆಂದಿದ್ದೆವಲ್ಲ! ಇಂದು ಪಶುವೈದ್ಯ ಕಾಲೇಜುಗಳಲ್ಲಿ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಓದುತ್ತಿದ್ದಾರೆ ಎಂದು ಡಾಕ್ಟರು ಹೇಳಿದಾಗ ನಾವು ನೆಲ ನೋಡಿದೆವು. ಹುಡುಗಿ ಮೂರು ವಾರ ಮುಗಿಸಿಯೇ ಮನೆಗೆ ಬಂದಳು.

ಈ ಸುದ್ದಿ ನಮ್ಮ ಬಳಗದಲ್ಲಿ ಹಬ್ಬಿ, ಮಳೆಗಾಲದ ಆರಂಭದಲ್ಲಿ ಇನ್ನಿಬ್ಬರು ಹುಡುಗರು ಬಂದರು. ಒಬ್ಬ ಅಮೆರಿಕದಲ್ಲಿರುವ ನಮ್ಮ ಬಂಧುಗಳ ಮಗ. ರಜೆಗೆ ಅಜ್ಜನ ಮನೆಗೆ ಬಂದಿದ್ದ. ಅವನ ತಂದೆಗೆ ಬೇಕಾಗಿದ್ದದ್ದು ಅನುಭವಕ್ಕಿಂತ ಅನುಭವದ ಕಾಗದ. ಹುಡುಗ ಮಾತ್ರ ಒಳ್ಳೆಯವನು. ಹನ್ನೆರಡು ಮುಂಜಾನೆ ತಪ್ಪದೆ ದವಾಖಾನೆಗೆ ಹೋದ. ತಾಸುಗಳನ್ನು ಕೂಡಿಸಿದರೆ ನಲವತ್ತೊಂದು. "ನೂರ ನಲವತ್ತೊಂದು ಅಂತ ಬರೆಸಿ ಕಳಿಸಿ, ಅಲ್ಲಿಂದ ಇಲ್ಲಿಗೆ ಬಂದು ಎಣಿಸುವವರು ಯಾರು?" ಎಂದು ತಂದೆ ಫೋನಿನಲ್ಲಿ ಹೇಳಿದರು. ಬಂಧುತ್ವದ ದಾಕ್ಷಿಣ್ಯ, ನಾವೂ ಸ್ವಲ್ಪ ಮೆತ್ತಗಾಗಿ ಡಾಕ್ಟರ ಹತ್ತಿರ ಮಾತು ತೆಗೆದೆವು.

ಡಾಕ್ಟರು ಸಿಟ್ಟಾಗಲಿಲ್ಲ. ಮೇಜಿನ ಮೇಲಿದ್ದ ಲಸಿಕೆಯ ರಿಜಿಸ್ಟರನ್ನು ನಮ್ಮ ಕಡೆ ತಿರುಗಿಸಿದರು. "೨೦೨೨ರಲ್ಲಿ ಚರ್ಮಗಂಟು ರೋಗ ಬಂದಾಗ ಮನೆ ಮನೆಗೆ ಹೋಗಿ ಲಸಿಕೆ ಹಾಕಿದೆವು. ಹಾಕದ ದನಕ್ಕೆ ಹಾಕಿದೆನೆಂದು ಈ ಪುಸ್ತಕದಲ್ಲಿ ಬರೆದಿದ್ದರೆ ಕಾಗದಕ್ಕೆ ಏನೂ ಆಗುತ್ತಿರಲಿಲ್ಲ, ದನ ಸಾಯುತ್ತಿತ್ತು. ಈ ಹುಡುಗ ನಾಳೆ ಇಂಥ ಪುಸ್ತಕ ಬರೆಯುವವನಾಗುತ್ತಾನೆ. ಮೊದಲ ಸಾಲನ್ನೇ ಸುಳ್ಳು ಬರೆಸೋಣವೇ?" ಎಂದರು. ಹುಡುಗ ಪಕ್ಕದಲ್ಲೇ ಇದ್ದ. "ನಲವತ್ತೊಂದೇ ಬರೀರಿ ಡಾಕ್ಟರ್ ಸಾಹೇಬ್" ಎಂದ. ಅವರು ನಲವತ್ತೊಂದೇ ಬರೆದರು. ಜೊತೆಗೆ ಅವನು ಏನೇನು ನೋಡಿದ, ಏನೇನು ಮಾಡಿದ ಎಂದು ಒಂದು ಪುಟ ತುಂಬ ಬರೆದರು. ತಂದೆ ಕೇಳಿದ್ದ ಸುಳ್ಳು ನೂರಕ್ಕಿಂತ ಆ ಪುಟಕ್ಕೇ ಬೆಲೆ ಹೆಚ್ಚೆಂದು ನಮಗೆ ತೋರಿತು.

ಇನ್ನೊಬ್ಬ ನಮ್ಮ ಸಂಘದ ಸದಸ್ಯರ ಮಗ. ನಾಯಿಯೆಂದರೆ ಪ್ರಾಣ ಅವನಿಗೆ. ಕೊಟ್ಟಿಗೆಗೆ ಹೋದ ಐದನೆಯ ದಿನ ನಮ್ಮ ಬಳಿ ಬಂದು, "ನನಗೆ ನಾಯಿ ಮೇಲೆ ಪ್ರೀತಿ ಇದೆ, ನಿಜ. ಆದರೆ ರೋಗ, ಕೀವು, ಸಾವು ದಿನಾ ನೋಡೋಕೆ ಆಗೋದಿಲ್ಲ. ರಾತ್ರಿ ನಿದ್ದೆ ಬರ್ತಿಲ್ಲ" ಎಂದ. ಬಿಟ್ಟುಬಿಡು ಎಂದೆವು. ಅವನ ತಾಯಿಗೆ ನಮ್ಮ ಮೇಲೆ ಮುನಿಸಾಯಿತು. ಮಗನ ಆಸೆ ಕೆಡಿಸಿದೆವೆಂದರು. ಈಗ ಅವನು ಲೆಕ್ಕಶಾಸ್ತ್ರ ಓದುತ್ತಿದ್ದಾನೆ. ಮನೆಯಲ್ಲಿ ನಾಯಿಯನ್ನು ಚೆನ್ನಾಗಿ ಸಾಕಿದ್ದಾನೆ. ಪ್ರಾಣಿಯ ಮೇಲಿನ ಪ್ರೀತಿ ಬೇರೆ, ಪ್ರಾಣಿಯ ನೋವಿನ ನಡುವೆ ಕೈ ನಡುಗದೆ ನಿಲ್ಲುವುದು ಬೇರೆ. ಮೊದಲನೆಯದು ಇದ್ದು ಎರಡನೆಯದು ಇಲ್ಲದವನು ಕೆಟ್ಟವನಲ್ಲ. ಐದೂವರೆ ವರ್ಷದಲ್ಲಿ ತಿಳಿಯಬೇಕಾದದ್ದು ಐದು ದಿನದಲ್ಲಿ ತಿಳಿಯಿತೆಂದರೆ ಲಾಭವೇ ಹೊರತು ನಷ್ಟವಲ್ಲ.

ಇನ್ನು, ಮಕ್ಕಳನ್ನು ಕಳಿಸಬೇಕೆಂದಿರುವ ತಾಯಿತಂದೆಗಳಿಗೆ ನಾಲ್ಕು ಮಾತು.

ಎಲ್ಲಿಗೆ ಕಳಿಸುವುದೆಂದು ಚಿಂತಿಸಬೇಡಿ. ನಮ್ಮಲ್ಲಿ ಅರ್ಧ ಮಂದಿಗೆ ಊರಲ್ಲಿ ಇನ್ನೂ ದನ ಕಟ್ಟಿರುವ ಚಿಕ್ಕಪ್ಪನೋ ಸೋದರಮಾವನೋ ಇದ್ದಾರೆ. ಇಲ್ಲವಾದರೆ ಪಶುದವಾಖಾನೆ, ಪಾಂಜರಪೋಳ, ಹಾಲಿನ ಡೇರಿ, ಕುರಿಗಾರರ ಹಟ್ಟಿ, ಕೋಳಿಫಾರಂ ಯಾವುದಾದರೂ ಆದೀತು. ಒಂದೇ ಕಡೆ ಹೆಚ್ಚು ದಿನ ಇರುವುದು ಹತ್ತು ಕಡೆ ಇಣಿಕುವುದಕ್ಕಿಂತ ಮೇಲು. ನಗರದ ನಾಯಿಬೆಕ್ಕಿನ ಆಸ್ಪತ್ರೆಯಷ್ಟನ್ನೇ ನೋಡಿ ತೀರ್ಮಾನಿಸಬಾರದು. ಕಾಲೇಜಿನಲ್ಲಿ ಹಸು, ಎಮ್ಮೆ, ಕುರಿ, ಕುದುರೆ, ಕೋಳಿ ಎಲ್ಲವನ್ನೂ ಕಲಿಯಬೇಕಾಗುತ್ತದೆ. ಪತ್ರ ಬರೆಯುವುದಕ್ಕಿಂತ ಹುಡುಗನೇ ಹೋಗಿ ಕೇಳಲಿ. ಮೊದಲು ಪೊರಕೆ ಹಿಡಿಯಲು ಒಪ್ಪುವವನಿಗೆ ಯಾವ ರೈತನೂ ಬೇಡವೆನ್ನುವುದಿಲ್ಲ.

ಎಚ್ಚರಿಕೆಯ ಮಾತೂ ಉಂಟು. ಪ್ರಾಣಿಗಳ ನಡುವೆ ಕೆಲಸಕ್ಕೆ ಹೋಗುವವರು ವೈದ್ಯರನ್ನು ಕೇಳಿ ಧನುರ್ವಾಯುವಿನ ಲಸಿಕೆಯನ್ನೂ ಹುಚ್ಚುನಾಯಿ ರೋಗದ ಮುಂಜಾಗ್ರತೆಯ ಲಸಿಕೆಯನ್ನೂ ಹಾಕಿಸಿಕೊಳ್ಳಬೇಕು. ನಾಯಿ ಕಚ್ಚಿದರೆ ಹದಿನೈದು ನಿಮಿಷ ಸೋಪುನೀರಿನಿಂದ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಜೊಲ್ಲು ಸುರಿಸುತ್ತ ವಿಚಿತ್ರವಾಗಿ ಕೂಗುವ ದನದ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ಬರಿಗೈ ಹಾಕುವುದುಂಟು. ಅದು ಹುಚ್ಚುರೋಗವಾಗಿದ್ದರೆ ಪ್ರಾಣಕ್ಕೇ ಅಪಾಯ. ಕಂದು ಹಾಕಿದ ಹಸುವಿನ ಕಂದನ್ನಾಗಲಿ ಸತ್ತೆಯನ್ನಾಗಲಿ ಬರಿಗೈಯಲ್ಲಿ ಮುಟ್ಟಕೂಡದು. ಕಂದುರೋಗ ಮನುಷ್ಯರಿಗೂ ತಗಲುತ್ತದೆ. ಅದೇ ಕಾರಣಕ್ಕೆ ಕಾಯಿಸದ ಹಾಲು ಕುಡಿಯಬಾರದು. ದನದ ನೇರ ಹಿಂದೆ ನಿಲ್ಲಬಾರದು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ದನ ಓಡಿದರೆ ಬೆರಳು ಹೋಗುತ್ತದೆ.

ಸೀಟಿನ ವಿಚಾರ ಸಂಕ್ಷೇಪವಾಗಿ ಹೇಳುತ್ತೇವೆ. ಮಹಾರಾಷ್ಟ್ರದಲ್ಲಿ ಮುಂಬಯಿಯ ಕಾಲೇಜು ೧೮೮೬ರದು. ಮರಾಠವಾಡದಲ್ಲಿ ಪರಭಣಿ, ಉದಗೀರಗಳಲ್ಲಿ ಕಾಲೇಜುಗಳಿವೆ. ಕರ್ನಾಟಕದ ಮೊದಲ ಪಶುವೈದ್ಯ ಕಾಲೇಜು ಬೆಂಗಳೂರಿನ ಹೆಬ್ಬಾಳದಲ್ಲಿ ೧೯೫೮ರಲ್ಲಿ ಆರಂಭವಾಯಿತು. ಪಶುವೈದ್ಯ ವಿಶ್ವವಿದ್ಯಾಲಯದ ಮುಖ್ಯಸ್ಥಾನ ಬೀದರ. ಬೀದರವೂ ಉದಗೀರವೂ ಎರಡು ರಾಜ್ಯಗಳಲ್ಲಿದ್ದರೂ ಒಂದೇ ದೇವಣಿ ತಳಿಯ ದನಗಳ ಸೀಮೆ. ಹೊರನಾಡು ಮತ್ತು ಗಡಿನಾಡು ಕನ್ನಡಿಗರ ಮಕ್ಕಳಿಗೆ ಕರ್ನಾಟಕದ ವೃತ್ತಿಶಿಕ್ಷಣದ ಪ್ರವೇಶದಲ್ಲಿ ಪ್ರತ್ಯೇಕ ಕಲಮುಗಳಿವೆ. ಅದಕ್ಕೆ ಕನ್ನಡ ಭಾಷೆಯ ಪರೀಕ್ಷೆಯೂ ಉಂಟು. ನಿಯಮಗಳು ವರ್ಷ ವರ್ಷ ತಿದ್ದುಪಡಿಯಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನು ಓದಿಯೇ ಮುಂದುವರಿಯಬೇಕು. ಮನೆಯಲ್ಲಿ ಮಕ್ಕಳಿಗೆ ಕನ್ನಡ ಓದುಬರಹ ಕಲಿಸಿದವರಿಗೆ ಇಲ್ಲೊಂದು ಫಲವಿದೆ ಎಂದಷ್ಟೇ ಹೇಳುತ್ತೇವೆ.

ಕೊನೆಯದಾಗಿ ಆ ಹುಡುಗಿಯ ಸುದ್ದಿ. ನಮಗೆ ಕಾರಹುಣ್ಣಿಮೆ ಹೇಗೋ ಇಲ್ಲಿಯವರಿಗೆ ಶ್ರಾವಣದ ಅಮಾವಾಸ್ಯೆಯ ಪೋಳಾ ಹಾಗೆ, ಎತ್ತುಗಳ ಹಬ್ಬ. ಹೋದ ವರ್ಷ ಪೋಳಾಕ್ಕೆ ಆಜಿ ಅವಳನ್ನು ಕರೆಸಿ, ಎತ್ತಿನ ಕೊಂಬಿಗೆ ಬಣ್ಣ ಹಚ್ಚಿಸಿ, ಹೋಳಿಗೆ ಉಣಿಸಿ ಕಳಿಸಿದರು. ಈ ವರ್ಷ ಅವಳು ನೀಟ್ ಬರೆದಿದ್ದಾಳೆ. ಇದನ್ನು ಬರೆಯುವ ಹೊತ್ತಿಗೆ ಫಲಿತಾಂಶ ಬಂದಿಲ್ಲ. ಸೀಟು ಸಿಗುವುದೋ ಇಲ್ಲವೋ, ಅದು ಅವಳ ಅಂಕ, ಇತರರ ಅಂಕ, ಅದೃಷ್ಟಗಳಿಗೆ ಸೇರಿದ್ದು.

ಹೋದ ವಾರ ಮಾತ್ರ ಗಂಗಾಪುರದಿಂದ ಫೋನ್ ಬಂತು. ಕರು ಕಳೆದುಕೊಂಡ ಹಸುವೇ ಮತ್ತೆ ಈದಿದೆ. ಈ ಸಲ ನೀರಿನ ಚೀಲ ಒಡೆದೊಡನೆ ಆಜಿ ಗಡಿಯಾರ ನೋಡಿಕೊಂಡು ಕೂತರಂತೆ. ಒಂದು ತಾಸಾದರೂ ಕಾಲು ಕಾಣದಿದ್ದಾಗ, ಮಗ ಇನ್ನಷ್ಟು ಕಾಯೋಣವೆಂದರೂ ಕೇಳದೆ, "ಆ ಹುಡುಗಿ ಬರೆದುಕೊಂಡಿದ್ದಳಲ್ಲ, ಕಾಯಬಾರದು" ಎಂದು ಗದರಿಸಿ ಡಾಕ್ಟರಿಗೆ ಫೋನ್ ಮಾಡಿಸಿದರಂತೆ. ಡಾಕ್ಟರು ಹೊತ್ತಿಗೆ ಸರಿಯಾಗಿ ಬಂದರು. ಹೆಣ್ಣುಗರು; ಎದ್ದು ನಿಂತು ಗಿಣ್ಣಿನ ಹಾಲು ಕುಡಿದಿದೆ.

ಹುಡುಗಿಗೆ ನಾವೇ ಸುದ್ದಿ ಹೇಳಿದೆವು. "ಎಷ್ಟಕ್ಕ ಫೋನ್ ಮಾಡಿದ್ರಂತ್ರಿ ಕಾಕಾ?" ಎಂದು ಕೇಳಿ, ನೋಟುಪುಸ್ತಕ ತಂದು ಬರೆದುಕೊಂಡಳು.